ಮನುಷ್ಯನ ಮೆದುಳು ದೊಡ್ಡದಾಗಿದ್ದು ಹೇಗೆ ಅಂತ ನೀವೇ ಕೂತು ನೋಡ್ಬಹುದು: ಒಂದು ಲ್ಯಾಪ್‌ಟಾಪ್, ಎರಡು ವೆಬ್‌ಸೈಟ್, ಒಂದು ಭಾನುವಾರ

ಎರಡು ಮೂರು ತಿಂಗಳಿಗೊಂದ್ಸಲ ಯಾರಾದ್ರೂ ಒಬ್ರು ವಾಟ್ಸಾಪಲ್ಲಿ ಲಿಂಕ್ ಕಳಿಸ್ತಾರೆ, "ಮನುಷ್ಯನನ್ನ ಮನುಷ್ಯ ಮಾಡಿದ ಜೀನ್ ಸಿಕ್ತು" ಅಂತ. ನಾನು ಸೆಕೆಂಡ್ ಪಿಯು ಹುಡುಗರಿಗೆ ಬಯಾಲಜಿ ಟ್ಯೂಷನ್ ಹೇಳ್ಕೊಡೋನು, ಲಿಂಕ್ ಬಂದ ಮಾರನೇ ದಿನ ಕ್ಲಾಸಲ್ಲಿ ಒಂದು ಕೈ ಎದ್ದೇ ಏಳುತ್ತೆ. ನಮ್ಮ ಪಠ್ಯಪುಸ್ತಕದಲ್ಲಿ ಇರೋದೇನು, ಹಳೇ ಮಾನವ ಜಾತಿಗಳ ಮೆದುಳಿನ ಗಾತ್ರ, ಹೋಮೋ ಹ್ಯಾಬಿಲಿಸ್ 650ರಿಂದ 800 ಸಿಸಿ, ಎರೆಕ್ಟಸ್ 900 ಸಿಸಿ, ನಿಯಾಂಡರ್ತಲ್ 1400 ಸಿಸಿ, ಮುಗೀತು. ನಂಬರ್ ಬಾಯಿಪಾಠ ಮಾಡಿ ಬರೆದ್ರೆ ಮಾರ್ಕ್ಸ್ ಬರುತ್ತೆ, ಆದ್ರೆ ಸಿಸಿ ಯಾಕೆ ಏರ್ತು, ಯಾವ ಜೀನ್ ಏನು ಮಾಡ್ತು ಅನ್ನೋದು ಒಂದು ಸಾಲೂ ಇಲ್ಲ. ಒಬ್ಬ ಹುಡುಗ ಕೇಳೇಬಿಟ್ಟ, "ಸರ್, ಆ ಜೀನ್ ಅಂದ್ರೆ ಎಲ್ಲಿದೆ, ನೋಡಕ್ಕಾಗುತ್ತಾ?"

ಆಗುತ್ತೆ ಕಣ್ರೀ. ಲ್ಯಾಬ್ ಬೇಡ, ದುಡ್ಡು ಬೇಡ, ಲಾಗಿನ್ ಕೂಡ ಬೇಡ. ಮನುಷ್ಯಂದು, ಚಿಂಪಾಂಜಿದು, ಇಲಿದು ಎಲ್ಲಾದರ ಜೀನೂ ಫ್ರೀ ಆಗಿ ಇಂಟರ್ನೆಟ್ಟಲ್ಲೇ ಬಿದ್ದಿದೆ. ಫೋನಲ್ಲೂ ಆಗುತ್ತೆ ಆದ್ರೆ ಸಾಲು ಮುರಿದು ಮುರಿದು ಕಾಣುತ್ತೆ, ಕಣ್ಣು ಹೋಗುತ್ತೆ, ಲ್ಯಾಪ್‌ಟಾಪ್ ಇದ್ರೆ ಒಳ್ಳೇದು. ನಾನು ಹೇಗೆ ಮಾಡ್ತೀನಿ ಅನ್ನೋದನ್ನ ಹಾಗೇ ಬರೀತಿದೀನಿ, ಪಕ್ಕದಲ್ಲಿ ತೆರೆದಿಟ್ಕೊಂಡು ಮಾಡ್ತಾ ಹೋಗಿ.

ಮೊದಲು ಸುಲಭದ್ದು, ಫಾಕ್ಸ್‌ಪಿ2

ಯೂನಿಪ್ರಾಟ್ ಅನ್ನೋ ಸೈಟ್ ಓಪನ್ ಮಾಡಿ. ಇದು ಪ್ರೋಟೀನ್‌ಗಳ ಉಗ್ರಾಣ, ಜೀನ್ ಹೇಳಿದ ಹಾಗೆ ಕೋಶ ತಯಾರಿಸೋದೇ ಪ್ರೋಟೀನ್. ಮೇಲಿನ ಬಾಕ್ಸಲ್ಲಿ ಫಾಕ್ಸ್‌ಪಿ2 ಅಂತ ಟೈಪ್ ಮಾಡಿ (ಎಫ್ ಓ ಎಕ್ಸ್ ಪಿ 2, ಮಧ್ಯೆ ಜಾಗ ಬಿಡ್ಬೇಡಿ), ಇದು ಮಾತಿಗೆ ನಂಟಿರೋ ಜೀನ್. ಮೊದಲನೇ ಸಲ ಹೋದ್ರೆ ಕಾರ್ಡ್ ತರ ತೋರಿಸ್ಲಾ ಟೇಬಲ್ ತರ ತೋರಿಸ್ಲಾ ಅಂತ ಕೇಳುತ್ತೆ, ಟೇಬಲ್ ಅನ್ನಿ. ಎಡಗಡೆ 'ರಿವ್ಯೂಡ್' ಅಂತ ಒಂದು ಫಿಲ್ಟರ್ ಇರುತ್ತೆ, ಅದನ್ನ ಒತ್ತದೇ ಮುಂದೆ ಹೋಗ್ಬೇಡಿ. ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಹೇಳ್ತೀನಿ, ಅದೊಂದು ಮಾನ ಹೋದ ಕತೆ.

ಈಗ ಲಿಸ್ಟಲ್ಲಿ ಮನುಷ್ಯಂದು ಒಂದು, ಚಿಂಪಾಂಜಿದು ಒಂದು ಟಿಕ್ ಮಾಡಿ ಮೇಲಿರೋ 'ಅಲೈನ್' ಬಟನ್ ಒತ್ತಿ. ಚಿಂಪಾಂಜಿ ಹೆಸರು ಅಲ್ಲಿ ಪ್ಯಾನ್ ಟ್ರಾಗ್ಲೊಡೈಟಿಸ್ ಅಂತ ಇರುತ್ತೆ. ಕೆಲಸ ಮುಗಿಯಕ್ಕೆ ಸ್ವಲ್ಪ ಹೊತ್ತು ಬೇಕು, ಕಾಫಿ ಸೋಸ್ಕೊಂಡು ಬನ್ನಿ. ರಿಸಲ್ಟ್ ಬಂದ್ಮೇಲೆ 'ಟೆಕ್ಸ್ಟ್ ಔಟ್‌ಪುಟ್' ಅನ್ನೋ ಟ್ಯಾಬ್‌ಗೆ ಹೋಗಿ. ಮೇಲೊಂದು ಸಾಲು ಮನುಷ್ಯ, ಕೆಳಗೊಂದು ಸಾಲು ಚಿಂಪಾಂಜಿ, ಅದರ ಕೆಳಗೆ ನಕ್ಷತ್ರಗಳ ಸಾಲು. ನಕ್ಷತ್ರ ಇದ್ರೆ ಎರಡರಲ್ಲೂ ಒಂದೇ ಅಕ್ಷರ ಅಂತ ಅರ್ಥ. ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ.

ಸುಮ್ನೆ ಸ್ಕ್ರೋಲ್ ಮಾಡ್ತಾ ಹೋಗಿ, ನಕ್ಷತ್ರ ನಕ್ಷತ್ರ ನಕ್ಷತ್ರ. ಮಧ್ಯದಲ್ಲಿ ಒಂದು ಕಡೆ ಕ್ಯೂ ಅಕ್ಷರ ಒಂದರ ಹಿಂದೆ ಒಂದು ನಿಂತಿರೋದು ಕಾಣುತ್ತೆ, ರೇಷನ್ ಅಂಗಡಿ ಮುಂದಿನ ಕ್ಯೂ ತರಾನೇ, ಅದು ಗ್ಲುಟಮಿನ್, 40 ಗ್ಲುಟಮಿನ್ ಸಾಲಾಗಿ. ಈ ಜಾಗದಲ್ಲಿ ಪ್ರಾಣಿಯಿಂದ ಪ್ರಾಣಿಗೆ ಉದ್ದ ಒಂದೆರಡು ಹೆಚ್ಚುಕಮ್ಮಿ ಆಗ್ತಿರುತ್ತೆ, ಅಲ್ಲಿ ಗ್ಯಾಪ್ ಬಂದ್ರೆ ತಲೆ ಕೆಡಿಸ್ಕೋಬೇಡಿ, ಮನುಷ್ಯನ ಸಾಲಿನ ನಂಬರನ್ನೇ ಲೆಕ್ಕಕ್ಕೆ ಹಿಡೀರಿ. ಆಮೇಲೆ 303ನೇ ಜಾಗದಲ್ಲಿ ನಕ್ಷತ್ರ ತಪ್ಪುತ್ತೆ. ಚಿಂಪಾಂಜಿಲಿ ಟಿ, ಅಂದ್ರೆ ಥ್ರಿಯೋನಿನ್, ನಮ್ಮಲ್ಲಿ ಎನ್, ಅಂದ್ರೆ ಆಸ್ಪರಾಜಿನ್. ಇನ್ನೊಂದು 22 ಅಕ್ಷರ ದಾಟಿ 325ರಲ್ಲಿ ಮತ್ತೆ ತಪ್ಪುತ್ತೆ, ಅಲ್ಲಿ ಎನ್, ಇಲ್ಲಿ ಎಸ್. ಅಷ್ಟೇ. 715 ಅಕ್ಷರದ ಪ್ರೋಟೀನಲ್ಲಿ ಎರಡೇ ಎರಡು ಬದಲಾವಣೆ.

ಈಗ ಇಲಿದೂ ಸೇರಿಸಿ ಮತ್ತೆ ಅಲೈನ್ ಮಾಡಿ. ಕ್ಯೂ ಸಾಲು ಬಿಟ್ರೆ ಇಲಿಗೂ ಚಿಂಪಾಂಜಿಗೂ ಒಂದೇ ವ್ಯತ್ಯಾಸ, 80ನೇ ಜಾಗದಲ್ಲಿ. ಇಲಿ ವಂಶ ನಮ್ಮ ವಂಶದಿಂದ ಕವಲೊಡೆದು 7 ಕೋಟಿ ವರ್ಷದ ಮೇಲಾಯ್ತು, ಅಷ್ಟು ಕಾಲದಲ್ಲಿ ಒಂದು ಅಕ್ಷರ, ಚಿಂಪಾಂಜಿಯಿಂದ ಬೇರೆಯಾದ ಈ 60-70 ಲಕ್ಷ ವರ್ಷದಲ್ಲಿ ನಮ್ಮ ಕಡೆ ಎರಡು ಅಕ್ಷರ. 2002ರಲ್ಲಿ ಇದನ್ನ ನೋಡಿದಾಗ ವಿಜ್ಞಾನಿಗಳಿಗೆ ಮೈ ಜುಂ ಅಂದಿದ್ದು ಸಹಜ. ಅದಕ್ಕೂ ಒಂದು ವರ್ಷ ಮೊದಲು, ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರಿನವರಲ್ಲಿ ಸುಮಾರು ಅರ್ಧ ಜನಕ್ಕೆ ಮಾತು ಸರಿಯಾಗಿ ಹೊರಡ್ತಿರಲಿಲ್ಲ, ಅವರಲ್ಲಿ ಇದೇ ಜೀನಿನ 553ನೇ ಜಾಗದ ಆರ್ ಹೋಗಿ ಎಚ್ ಆಗಿತ್ತು ಅಂತ ಪತ್ತೆ ಆಗಿತ್ತು. ನಿಮ್ಮ ಅಲೈನ್‌ಮೆಂಟಲ್ಲೇ 553ಕ್ಕೆ ಹೋಗಿ ನೋಡಿ, ಮನುಷ್ಯ ಚಿಂಪಾಂಜಿ ಇಲಿ ಮೂರರಲ್ಲೂ ಆರ್. ಕೋಟ್ಯಂತರ ವರ್ಷ ಯಾರೂ ಮುಟ್ಟದ ಜಾಗ, ಮುಟ್ಟಿದ್ರೆ ಮಾತೇ ಎಡವುತ್ತೆ.

ಇಲ್ಲೇ ಪತ್ರಿಕೆಗಳು "ಮಾತಿನ ಜೀನ್" ಅಂತ ಹೆಸರಿಟ್ಟು ಕೂತ್ಬಿಟ್ವು. ಆದ್ರೆ 2007ರಲ್ಲಿ ನಿಯಾಂಡರ್ತಲ್ ಮೂಳೆಯಿಂದ ತೆಗೆದ ಡಿಎನ್‌ಎ ನೋಡಿದ್ರೆ ಅವರಲ್ಲೂ ಇವೇ ಎರಡು ಅಕ್ಷರ. 2018ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಜನರ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ, ಇಟ್ಕೊಂಡು ಮತ್ತೆ ಲೆಕ್ಕ ಹಾಕಿದಾಗ, ಈ ಜೀನ್ ಇತ್ತೀಚೆಗೆ ನಮ್ಮ ಜಾತಿಯಲ್ಲಿ ಮಾತ್ರ ದಿಢೀರಂತ ಆಯ್ಕೆಯಾಗಿ ಹರಡ್ತು ಅನ್ನೋದಕ್ಕೆ ಪುರಾವೆನೇ ನಿಲ್ಲಲಿಲ್ಲ. ಜೀನ್ ಮುಖ್ಯ ಅಲ್ಲ ಅಂತಲ್ಲ, ಒಂದೇ ಜೀನ್ ಮೇಲೆ ಇಡೀ ಕತೆ ಹೊರಿಸಿದ್ದು ಜಾಸ್ತಿ ಆಯ್ತು.

ಆ ಮಾನ ಹೋದ ಕತೆ: ಮೊದಲನೇ ಸಲ ನಾನು ರಿವ್ಯೂಡ್ ಫಿಲ್ಟರ್ ಹಾಕದೆ ಕೈಗೆ ಸಿಕ್ಕಿದ್ದು ಟಿಕ್ ಮಾಡಿದ್ದೆ. ಇದೇ ಜೀನಿಂದ 740 ಅಕ್ಷರದ ಇನ್ನೊಂದು ರೂಪಾನೂ ತಯಾರಾಗುತ್ತೆ, ಐಸೋಫಾರ್ಮ್ ಅಂತಾರೆ, ನಂಗೆ ಅದು ಸಿಕ್ಕಿತ್ತು. ಬೋರ್ಡ್ ಮೇಲೆ ದೊಡ್ಡದಾಗಿ "ಮನುಷ್ಯನಲ್ಲಿ 25 ಅಕ್ಷರ ಎಕ್ಸ್‌ಟ್ರಾ!" ಅಂತ ಬರೆದು ಅಂಡರ್‌ಲೈನ್ ಬೇರೆ ಎಳೆದಿದ್ದೆ. ಮುಂದಿನ ಬೆಂಚಿನ ಹುಡುಗಿ ಫೋನ್ ತೆಗೆದು ತಣ್ಣಗೆ "ಸರ್, ನಂಗೆ ಎರಡೇ ಬರ್ತಿದೆ" ಅಂದ್ಳು. ಒಂದೇ ಜೀನಿನ ಉದ್ದದ ರೂಪಕ್ಕೂ ಗಿಡ್ಡ ರೂಪಕ್ಕೂ ಇರೋ ವ್ಯತ್ಯಾಸಾನ ನಾನು ವಿಕಾಸ ಅಂತ ಮಾರ್ತಿದ್ದೆ. ಅವತ್ತಿಂದ ಅಲೈನ್ ಒತ್ತೋ ಮೊದಲು ಉದ್ದದ ಕಾಲಮ್ ನೋಡೇ ನೋಡ್ತೀನಿ.

ಈಗ ಮಜಾ ಇರೋದು: ನಕಲು ಆಗಿ ಹಾಳಾದ ಜೀನ್

ಫಾಕ್ಸ್‌ಪಿ2 ಮೆದುಳಿನ ಗಾತ್ರದ ಕತೆ ಅಲ್ಲ. ಗಾತ್ರದ ಕತೆ ಬೇಕಂದ್ರೆ ಎಆರ್‌ಎಚ್‌ಜಿಎಪಿ11ಬಿ ನೋಡ್ಬೇಕು, ಹೆಸರು ಸ್ಕೂಟರ್ ನಂಬರ್ ಪ್ಲೇಟ್ ತರ ಇದೆ, ನಾವು 11ಬಿ ಅಂತಲೇ ಕರೆಯೋಣ. ಇದರ ಮೂಲ 11ಎ. ಅದು ಚಿಂಪಾಂಜಿಲೂ ಇದೆ, ಇಲಿಲೂ ಇದೆ. ಸುಮಾರು 50 ಲಕ್ಷ ವರ್ಷದ ಹಿಂದೆ, ಚಿಂಪಾಂಜಿ ಕವಲು ಬೇರೆಯಾದ ಮೇಲೆ, ನಮ್ಮ ಪೂರ್ವಜರಲ್ಲಿ 11ಎ ಅರ್ಧಂಬರ್ಧ ಕಾಪಿ ಆಯ್ತು. ಆ ಕಾಪಿನೇ 11ಬಿ, ಇವತ್ತು ಜೀವಂತ ಇರೋ ಪ್ರಾಣಿಗಳಲ್ಲಿ ನಮ್ಮಲ್ಲಿ ಮಾತ್ರ ಇದೆ.

ಮತ್ತೆ ಯೂನಿಪ್ರಾಟ್, ಈ ಸಲ ಎರಡೂ ಮನುಷ್ಯಂದೇ, 11ಎ ಮತ್ತು 11ಬಿ. ಉದ್ದ ನೋಡಿ, ಒಂದು 1023, ಇನ್ನೊಂದು ಬರೀ 267. ಅಲೈನ್ ಮಾಡಿ. ಸುಮಾರು 220ರ ತನಕ ಹೆಚ್ಚುಕಡಿಮೆ ಅಣ್ಣ ತಮ್ಮ, ನಕ್ಷತ್ರದ ಸುರಿಮಳೆ. ಆಮೇಲೆ ಇದ್ದಕ್ಕಿದ್ದಂಗೆ ಹೊಂದಾಣಿಕೆ ತಪ್ಪುತ್ತೆ. 11ಬಿಯ ಕೊನೇ 47 ಅಕ್ಷರ 11ಎಯಲ್ಲಿ ಎಲ್ಲೂ ಇಲ್ಲ. ಸಾಫ್ಟ್‌ವೇರ್ ಪಾಪ ಎಲ್ಲೆಲ್ಲೋ ಗ್ಯಾಪ್ ಹಾಕಿ ಹೊಂದಿಸಕ್ಕೆ ಒದ್ದಾಡಿರುತ್ತೆ, ಆ ಒದ್ದಾಟ ಕಂಡ್ರೆ ಸರಿಯಾದ ಜಾಗಕ್ಕೆ ಬಂದಿದೀರ ಅಂತ.

ಆ 47 ಅಕ್ಷರ ಬಂದಿದ್ದು ಎಲ್ಲಿಂದ? ಡಿಎನ್‌ಎಲಿ ಒಂದೇ ಒಂದು ಅಕ್ಷರ, ಸಿ ಇದ್ದಿದ್ದು ಜಿ ಆಯ್ತು. ಅದರಿಂದ ಆರ್‌ಎನ್‌ಎನ, ಅಂದ್ರೆ ಪ್ರೋಟೀನ್ ಮಾಡಕ್ಕೆ ಡಿಎನ್‌ಎ ನೋಡಿ ತೆಗೆದ ಪ್ರತಿನ, ಕತ್ತರಿಸಿ ಅಂಟಿಸೋವಾಗ 55 ಅಕ್ಷರ ಹಾರಿಹೋಯ್ತು. ಇಲ್ಲಿ ಒಂದು ನಿಮಿಷ ನಿಲ್ಲಿ, ಯಾಕಂದ್ರೆ ನಮ್ಮ ಹುಡುಗರು ಎಡವೋದು ಇಲ್ಲೇ. ಆರ್‌ಎನ್‌ಎನ ಮೂರು ಮೂರು ಅಕ್ಷರವಾಗಿ ಓದ್ತಾರೆ. "ಅವನು ಮರವ ಕಡಿದ" ಅಂತ ಬರ್ಕೊಳ್ಳಿ, ಮೂರು ಪದ, ಎಲ್ಲಾ ಮೂರಕ್ಷರದ್ದು. ಈಗ 'ಅವನು' ಅನ್ನೋದ್ರಲ್ಲಿ 'ವ' ಹೊಡೆದುಹಾಕಿ, ಆದ್ರೆ ಮೂರು ಮೂರಾಗೇ ಓದಿ: "ಅನುಮ ರವಕ ಡಿದ". ಒಂದಕ್ಷರ ಹೋಗಿದ್ದಕ್ಕೆ ಅಲ್ಲಿಂದ ಮುಂದಿಂದೆಲ್ಲಾ ಬೇರೆ ಭಾಷೆ. 55ನ್ನ 3ರಿಂದ ಭಾಗಿಸಿ, 1 ಉಳಿಯುತ್ತಲ್ಲ, ಆ ಒಂದೇ ಇಷ್ಟೆಲ್ಲಾ ಮಾಡಿದ್ದು. 54 ಹಾರಿದ್ದಿದ್ರೆ ಬರೀ 18 ಅಮೈನೋ ಆಮ್ಲ ಕಮ್ಮಿ ಆಗ್ತಿತ್ತು, ಬಾಲ ಹಳೇದೇ ಇರ್ತಿತ್ತು. ಹೊಸ ಬಾಲ ಬಂದಿದ್ರಿಂದ ಹೊಸ ಕೆಲಸ ಬಂತು.

ಏನು ಕೆಲಸ ಅಂದ್ರೆ, 2015ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಾರ್ತಾ ಫ್ಲೋರಿಯೋ, ವೀಲಾಂಡ್ ಹಟ್ನರ್ ಮತ್ತೆ ಜೊತೆಯವರು 11ಬಿನ ಇಲಿ ಭ್ರೂಣದ ಮೆದುಳಿಗೆ ಹಾಕಿ ನೋಡಿದ್ರು. ನರಕೋಶ ಹುಟ್ಟಿಸೋ ತಾಯಿಕೋಶಗಳು ಜಾಸ್ತಿ ಆದ್ವು, ಇಲಿ ಮೆದುಳು ಸಾಮಾನ್ಯವಾಗಿ ಬೋಳು ನುಣುಪು, ಅದರಲ್ಲಿ ಕೆಲವು ಕಡೆ ಮಡಿಕೆ ಬಿತ್ತು. 2020ರಲ್ಲಿ ಮಾರ್ಮೊಸೆಟ್ ಅನ್ನೋ ಪುಟ್ಟ ಕೋತಿಯ ಭ್ರೂಣದಲ್ಲೂ ಮಾಡಿದ್ರು, ನಿಯೋಕಾರ್ಟೆಕ್ಸ್, ಅಂದ್ರೆ ಮೆದುಳಿನ ಹೊರಪದರ, ಹಿಗ್ಗಿತು, ಮಡಿಕೆನೂ ಬಂತು. ಮರಿ ಹುಟ್ಟೋ ತನಕ ಬಿಡಲಿಲ್ಲ, ಭ್ರೂಣದಲ್ಲೇ ನಿಲ್ಲಿಸಿದ್ರು, ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಪೆನ್ನು ಹಾಳೆ ತಗೊಳ್ಳಿ, ಗರ್ಭದಲ್ಲಿ ಏನಾಗುತ್ತೆ ಅಂತ ಲೆಕ್ಕ ಹಾಕೋಣ

ಬರೀ ಅಕ್ಷರ ನೋಡಿದ್ರೆ ಮೆದುಳು ಅರ್ಥ ಆಗಲ್ಲ, ಬೆಳವಣಿಗೆ ನೋಡ್ಬೇಕು. ಭ್ರೂಣದ ಮೆದುಳಿನ ಒಳಗೋಡೆಯಲ್ಲಿ ರೇಡಿಯಲ್ ಗ್ಲಿಯಾ ಅಂತ ಉದ್ದುದ್ದ ಕೋಶ ಇರ್ತವೆ, ಬುಡ ಒಳಗಡೆ, ತುದಿ ಹೊರಗಡೆ. ಹೊಸ ನರಕೋಶ ಅದನ್ನ ಹಿಡ್ಕೊಂಡು ಅಡಿಕೆ ಮರ ಹತ್ತೋ ಹಾಗೆ ಮೇಲಕ್ಕೆ ಹೋಗಿ ತನ್ನ ಪದರದಲ್ಲಿ ಕೂರುತ್ತೆ. ಶುರುವಲ್ಲಿ ತಾಯಿಕೋಶ ಒಂದು ಎರಡಾಗುತ್ತೆ, ಎರಡೂ ತಾಯಿನೇ. ಆಮೇಲೆ ಒಂದು ಹಂತದಲ್ಲಿ ಒಂದು ತಾಯಿ, ಒಂದು ನರಕೋಶ ಅಂತ ಶುರು ಮಾಡುತ್ತೆ. ಮೊದಲನೇ ಹಂತ ಎಷ್ಟು ಹೊತ್ತು ನಡೀತು ಅನ್ನೋದೇ ಗಾತ್ರದ ಗುಟ್ಟು.

ಹಾಳೆಯಲ್ಲಿ 1 ಅಂತ ಬರೆದು ಹತ್ತು ಸಲ ಡಬಲ್ ಮಾಡಿ, 1024. ಹನ್ನೊಂದನೇ ಸಲ ಮಾಡಿ, 2048. ಹನ್ನೆರಡು, 4096. ಹೊಸ ಅಂಗ ಬೇಡ, ಹೊಸ ಯಂತ್ರ ಬೇಡ, "ಸಾಕು" ಅನ್ನೋ ಮಾತು ಸ್ವಲ್ಪ ತಡವಾಗಿ ಬಂದ್ರೆ ಸಾಕು. ಇದು ಬರೀ ಕಾಗದದ ಲೆಕ್ಕ ಅಲ್ಲ. 2021ರಲ್ಲಿ ಕೇಂಬ್ರಿಜ್‌ನಲ್ಲಿ ಮೆಡಲಿನ್ ಲ್ಯಾಂಕಾಸ್ಟರ್ ತಂಡ ಮನುಷ್ಯ, ಚಿಂಪಾಂಜಿ, ಗೊರಿಲ್ಲಾ ಕೋಶಗಳಿಂದ ಮೆದುಳಿನ ಆರ್ಗನಾಯ್ಡ್, ಅಂದ್ರೆ ಲ್ಯಾಬಲ್ಲಿ ಬೆಳೆಸೋ ಮೆದುಳಂಗಾಂಶದ ಸಣ್ಣ ಉಂಡೆ, ಬೆಳೆಸಿ ನೋಡಿದ್ರು. ಕೋಶಗಳು ಆಕಾರ ಬದಲಾಯಿಸಿ ಎರಡನೇ ಹಂತಕ್ಕೆ ಹೊರಳಕ್ಕೆ ವಾನರಗಳಲ್ಲಿ ಸುಮಾರು 5 ದಿನ, ಮನುಷ್ಯನಲ್ಲಿ ಸುಮಾರು 7 ದಿನ. ಎರಡು ದಿನ ಲೇಟು! ಜೆಬ್2 ಅನ್ನೋ ಜೀನ್ ಯಾವಾಗ ಆನ್ ಆಗುತ್ತೆ ಅನ್ನೋದು ಇದನ್ನ ನಡೆಸುತ್ತೆ. ಗೊರಿಲ್ಲಾ ಉಂಡೆಯಲ್ಲಿ ಅದನ್ನ ತಡ ಮಾಡಿಸಿದ್ರೆ ಅದೂ ಮನುಷ್ಯಂದರ ಹಾಗೆ ದೊಡ್ಡದಾಯ್ತು. ಮನುಷ್ಯನ ಮೆದುಳಲ್ಲಿ ಸುಮಾರು 8600 ಕೋಟಿ ನರಕೋಶ, ಅದರಲ್ಲಿ ಕಾರ್ಟೆಕ್ಸಲ್ಲಿ 1600 ಕೋಟಿಯಷ್ಟು, ಎಲ್ಲಾ ಈ ಡಬಲ್ ಆಟದಿಂದಲೇ ಶುರುವಾಗಿದ್ದು. ನಂಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ ತುಣುಕು. ಬುದ್ಧಿ ಬುದ್ಧಿ ಅಂತ ಮೆರೀತೀವಿ, ನೋಡಿದ್ರೆ ತಡವಾಗಿದ್ದರ ಫಲ.

ನಾಚ್2ಎನ್‌ಎಲ್ ಅಂತ ಇನ್ನೊಂದು ನಕಲು ಜೀನ್ ಗುಂಪು ಇದೆ, 1ನೇ ಕ್ರೋಮೊಸೋಮಲ್ಲಿ, 2018ರಲ್ಲಿ ಎರಡು ತಂಡ ಒಟ್ಟಿಗೆ ವರದಿ ಮಾಡಿದ್ವು. ಅದೂ ತಾಯಿಕೋಶಕ್ಕೆ "ಇನ್ನೂ ಸ್ವಲ್ಪ ಹೊತ್ತು ತಾಯಿಯಾಗೇ ಇರು" ಅನ್ನೋ ಗುಂಪಿಂದೇ. ಆ ಭಾಗದ ಡಿಎನ್‌ಎ ತುಂಡು ಹಾರಿಹೋದವರಲ್ಲಿ ತಲೆ ಸಣ್ಣ, ಡಬಲ್ ಆದವರಲ್ಲಿ ತಲೆ ದೊಡ್ಡದಿರೋದು ಹೆಚ್ಚು.

ಸಣ್ಣ ತಲೆ ಅಂದಾಗ ನಮ್ಮೂರಿನ ಒಂದು ವಿಷಯ ಹೇಳ್ಲೇಬೇಕು. ಪ್ರೈಮರಿ ಮೈಕ್ರೊಸೆಫಲಿ ಅಂತ ಒಂದು ತೊಂದರೆ ಇದೆ, ಮಗು ಹುಟ್ಟೋವಾಗಲೇ ಮೆದುಳು ಚಿಕ್ಕದು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಕಾಣಿಸ್ಕೊಳ್ಳುತ್ತೆ, ಹಾಗಾಗಿ ಹತ್ತಿರದ ಸಂಬಂಧದಲ್ಲಿ ಮದುವೆ ಆದ ಮನೆಗಳಲ್ಲಿ ಜಾಸ್ತಿ, ಸೋದರಮಾವನ್ನ, ಅತ್ತೆ ಮಗನ್ನ ಮದುವೆ ಆಗೋದು ನಮ್ಮ ಕಡೆ ಹೊಸದೇನಲ್ಲವಲ್ಲ. ಬೆಂಗಳೂರಿನ ಐಐಎಸ್‌ಸಿಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಸತೀಶ್ ಗಿರಿಮಾಜಿ ಮತ್ತಿತರರು ಇಂಥ ಕುಟುಂಬಗಳನ್ನ ಅಭ್ಯಾಸ ಮಾಡಿ, 2009ರಲ್ಲಿ ಎಸ್‌ಟಿಐಎಲ್ ಅನ್ನೋ ಜೀನ್ ಕೆಟ್ರೂ ಹೀಗಾಗುತ್ತೆ ಅಂತ ಮೊದಲು ತೋರಿಸಿದ್ರು. ಆ ಜೀನ್ ಕೆಲಸ ಮಾಡೋದು ಸೆಂಟ್ರೊಸೋಮ್ ಹತ್ರ, ಅಂದ್ರೆ ಕೋಶ ಎರಡಾಗೋವಾಗ ಹಗ್ಗ ಎಳೆಯೋ ಗೂಟದ ಹತ್ರ. ಮೇಲಿನ ಡಬಲ್ ಲೆಕ್ಕ ಇಲ್ಲಿ ಉಲ್ಟಾ ಓಡುತ್ತೆ. ಹಾಳೆಯಲ್ಲಿ 1024ರಿಂದ ಹಿಂದಕ್ಕೆ ಎರಡು ಹೆಜ್ಜೆ ಹೋಗಿ, 256, ಹೆಚ್ಚೇನೂ ಹೇಳೋದು ಬೇಡ.

ಪ್ರೋಟೀನೇ ಅಲ್ಲದ ಜಾಗ: ಎಚ್‌ಎಆರ್1

1975ರಲ್ಲೇ ಮೇರಿ-ಕ್ಲೇರ್ ಕಿಂಗ್ ಮತ್ತು ಆಲನ್ ವಿಲ್ಸನ್, ನಮ್ಮ ಪ್ರೋಟೀನಿಗೂ ಚಿಂಪಾಂಜಿ ಪ್ರೋಟೀನಿಗೂ ವ್ಯತ್ಯಾಸ ಇಷ್ಟು ಕಮ್ಮಿ ಇದೆಯಲ್ಲ, ಹಂಗಾದ್ರೆ ಅಸಲಿ ಬದಲಾವಣೆ ಜೀನ್ ಯಾವಾಗ, ಎಲ್ಲಿ ಆನ್ ಆಗುತ್ತೆ ಅನ್ನೋ ಸ್ವಿಚ್‌ಗಳಲ್ಲಿ ಇರ್ಬೇಕು ಅಂದಿದ್ರು. ಅಂಥ ಜಾಗ ನೋಡಕ್ಕೆ ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಬೇಕು. ಮೊದಲ ನೋಟಕ್ಕೆ ವಿಮಾನದ ಕಾಕ್‌ಪಿಟ್ ತರ ಇರುತ್ತೆ, ಹೆದರ್ಬೇಡಿ.

ಮನುಷ್ಯನ ಜೀನೋಮ್, ಎಚ್‌ಜಿ38 ಆರಿಸ್ಕೊಂಡು ಎಚ್‌ಎಆರ್1ಎ ಅಂತ ಹುಡುಕಿ (ಎಚ್‌ಎಆರ್ ಅಂದ್ರೆ ಮನುಷ್ಯನಲ್ಲಿ ಬೇಗ ಬೇಗ ಬದಲಾದ ಜಾಗ), 20ನೇ ಕ್ರೋಮೊಸೋಮ್‌ಗೆ ಕರ್ಕೊಂಡು ಹೋಗುತ್ತೆ. ಕೆಳಗೆ 'ಕನ್ಸರ್ವೇಶನ್' ಅನ್ನೋ ಸಾಲಿದೆ, ಅದರಲ್ಲಿ ಚಿಂಪಾಂಜಿ ಕಾಣ್ಲಿಲ್ಲ ಅಂದ್ರೆ ಸೆಟ್ಟಿಂಗ್ ಒಳಗೆ ಹೋಗಿ ಟಿಕ್ ಮಾಡಿ, ಕೋಳಿನೂ ಇರ್ಲಿ. ಅಲ್ಲೇ ಮನುಷ್ಯನಿಗೆ ಸಮ ಇರೋ ಅಕ್ಷರನ ಚುಕ್ಕಿಯಾಗಿ ತೋರಿಸು ಅನ್ನೋ ಆಯ್ಕೆನೂ ಇದೆ, ಅದನ್ನ ಹಾಕ್ಲೇಬೇಕು, ಇಲ್ಲಾಂದ್ರೆ ಕಣ್ಣಿಗೆ ಏನೂ ಹೊಳೆಯಲ್ಲ. ಅಕ್ಷರ ಕಾಣೋ ತನಕ ಝೂಮ್ ಮಾಡಿ ಜೀನಿನ ಉದ್ದಕ್ಕೂ ನಿಧಾನ ಸರಿಸ್ತಾ ಹೋಗಿ. ಚಿಂಪಾಂಜಿ, ಕೋಳಿ ಎರಡೂ ತಮ್ಮ ತಮ್ಮಲ್ಲಿ ಒಂದೇ ಅಕ್ಷರ ಹೇಳ್ತಾ ಮನುಷ್ಯನಿಗೆ ಮಾತ್ರ ಬೇರೆ ಅನ್ನೋ ಜಾಗಗಳು ಒತ್ತೊತ್ತಾಗಿ ಸಿಕ್ಕಿದ್ರೆ ಅದೇ. ಒಟ್ಟು 118 ಅಕ್ಷರ. ಕೋಳಿಗೂ ಚಿಂಪಾಂಜಿಗೂ 2 ವ್ಯತ್ಯಾಸ, ಚಿಂಪಾಂಜಿಗೂ ನಮಗೂ 18. ಕ್ಯಾಥರೀನ್ ಪೊಲಾರ್ಡ್ ಮತ್ತೆ ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ಇದರಿಂದ ಪ್ರೋಟೀನ್ ಬರಲ್ಲ, ಆರ್‌ಎನ್‌ಎ ಮಾತ್ರ, ಅದೂ ಗರ್ಭದ 7ರಿಂದ 19ನೇ ವಾರದ ಹೊತ್ತಿಗೆ ಕಾರ್ಟೆಕ್ಸ್ ಕಟ್ಟೋವಾಗ ಅದರ ಪದರಗಳಿಗೆ ದಾರಿ ತೋರೋ ಕಹಾಲ್-ರೆಟ್ಸಿಯಸ್ ಅನ್ನೋ ನರಕೋಶಗಳಲ್ಲಿ ಸಿಗುತ್ತೆ.

ಕುಣಿದಾಡೋ ಮೊದಲು ಆ 18ನ್ನೂ ಒಂದೊಂದಾಗಿ ಬರ್ಕೊಳ್ಳಿ. ಎಲ್ಲವೂ ಎ ಅಥವಾ ಟಿ ಇದ್ದಿದ್ದು ಜಿ ಅಥವಾ ಸಿ ಆಗಿದೆ, ಒಂದೂ ಉಲ್ಟಾ ಇಲ್ಲ. ಅನುಮಾನ ಬರ್ಬೇಕಲ್ವಾ? ಕ್ರೋಮೊಸೋಮ್ ತುದಿ ಹತ್ರ ಅದಲುಬದಲು ಜಾಸ್ತಿ ನಡಿಯೋ ಜಾಗಗಳಲ್ಲಿ ರಿಪೇರಿ ಯಂತ್ರ ತಾನಾಗೇ ಜಿ, ಸಿ ಕಡೆ ವಾಲುತ್ತೆ, ಉಪಯೋಗ ಇರ್ಲಿ ಬಿಡ್ಲಿ. ಎಚ್‌ಎಆರ್1 ಇರೋದೂ 20ನೇ ಕ್ರೋಮೊಸೋಮಿನ ತುದಿ ಹತ್ರನೇ. ಅಂದ್ರೆ ಎಲ್ಲಾ 18ನ್ನೂ ನಿಸರ್ಗದ ಆಯ್ಕೆಯೇ ತಂದಿದ್ದು ಅನ್ನಕ್ಕಾಗಲ್ಲ, ಈ ವಾದ ಇವತ್ತಿಗೂ ನಡೀತಿದೆ.

ಮುಂದಿನ ಲಿಂಕ್ ಬಂದಾಗ

ನಾನು ನೋಡೋದು ಇಷ್ಟು. ಯಾವ ಕೋಶದಲ್ಲಿ, ಗರ್ಭದ ಯಾವ ವಾರದಲ್ಲಿ ಆ ಜೀನ್ ಕೆಲಸ ಮಾಡುತ್ತೆ ಅಂತ ಬರೆದಿದ್ದಾರಾ? "ಮೆದುಳಲ್ಲಿ ಸಕ್ರಿಯ" ಅಂತ ಮಾತ್ರ ಇದ್ರೆ ಮುಂದಕ್ಕೆ ಹೋಗ್ತೀನಿ, ಸಾವಿರಾರು ಜೀನ್ ಮೆದುಳಲ್ಲಿ ಸಕ್ರಿಯ. ಇಲಿಲಾ, ಆರ್ಗನಾಯ್ಡಲ್ಲಾ, ಕೋತಿಲಾ? ನಿಯಾಂಡರ್ತಲಲ್ಲಿ ಏನಿದೆ? ಅವರ ಮೆದುಳೂ ನಮ್ಮಷ್ಟೇ ದೊಡ್ಡದಿತ್ತು, ಹಾಗಾಗಿ ನಮಗೂ ಅವರಿಗೂ ಇರೋ ವ್ಯತ್ಯಾಸದ ಮೇಲೆ ಗಾತ್ರದ ಕತೆ ಕಟ್ಟಿದ್ರೆ ಹುಷಾರು. ಎಲ್ಲಕ್ಕಿಂತ ಮುಖ್ಯ, ಇವತ್ತು ಬದುಕಿರೋ ಮನುಷ್ಯರಲ್ಲಿ ಹಳೇ ರೂಪ ಇರೋರು ಇದ್ದಾರಾ? 2022ರಲ್ಲಿ ಟಿಕೆಟಿಎಲ್1 ಅನ್ನೋ ಜೀನಲ್ಲಿ ನಿಯಾಂಡರ್ತಲಿಗೆ ಲೈಸಿನ್, ನಮಗೆ ಆರ್ಜಿನಿನ್, ಅದರಿಂದಲೇ ನಮ್ಮಲ್ಲಿ ನರಕೋಶ ಜಾಸ್ತಿ ಅಂತ ದೊಡ್ಡ ಸುದ್ದಿ ಆಯ್ತು. ಮರುವರ್ಷವೇ ಬೇರೆಯವರು ಜೀನೋಮ್ ಡೇಟಾಬೇಸ್ ತೆಗೆದು, ಇವತ್ತಿನ ಮನುಷ್ಯರಲ್ಲೂ ಕೆಲವರಿಗೆ ಹಳೇ ಲೈಸಿನ್ ರೂಪನೇ ಇದೆ ಅಂತ ತೋರಿಸಿದ್ರು. ಮೊದಲನೇ ಸುದ್ದಿ ನಂಗೆ ಆರು ಜನ ಕಳಿಸಿದ್ರು, ಎರಡನೇದನ್ನ ಒಬ್ರೂ ಕಳಿಸಲಿಲ್ಲ.

ಹೋಂವರ್ಕ್ ಬೇಕು ಅನ್ನೋರಿಗೆ, ಯೂನಿಪ್ರಾಟಲ್ಲಿ ಎಸ್‌ಆರ್‌ಜಿಎಪಿ2 ಮತ್ತು ಎಸ್‌ಆರ್‌ಜಿಎಪಿ2ಸಿ, ಎರಡೂ ಮನುಷ್ಯಂದೇ, ಅಲೈನ್ ಮಾಡಿ. ಒಂದು 1071, ಇನ್ನೊಂದು 459. ಇದೂ ಅರ್ಧಂಬರ್ಧ ನಕಲು, ಸುಮಾರು 24 ಲಕ್ಷ ವರ್ಷ ಹಳೇದು, ಆದ್ರೆ ಇದು ಕೋಶದ ಸಂಖ್ಯೆ ತಂಟೆಗೆ ಹೋಗಲ್ಲ, ನರಕೋಶದ ರೆಂಬೆ ಮೇಲಿನ ಮುಳ್ಳುಗಳ (ಬೇರೆ ಕೋಶದ ಸಂದೇಶ ಹಿಡಿಯೋ ಜಾಗ) ಲೆಕ್ಕ ಮತ್ತು ಅವು ಬಲಿಯೋ ವೇಗ ಇದರ ಕೈಲಿದೆ. ನಕ್ಷತ್ರ ಎಲ್ಲಿ ನಿಲ್ಲುತ್ತೆ ನೋಡಿ, ಉದ್ದದ ಕಾಲಮ್ ನೋಡೋದು ಮಾತ್ರ ಮರೀಬೇಡಿ.